ಮೂರನೇ ವಾರಕ್ಕೆ ರಟ್ಟಿನ ರುಚಿ

ನಾನು ಬೆಂಗಳೂರಿನ ಬ್ರೂಪಬ್ ಒಂದರಲ್ಲಿ ಬಿಯರ್ ಮಾಡುವವನು. ಹಿಂದೊಮ್ಮೆ ರಜೆಗೆ ಸಿಯಾಟಲ್‌ನಲ್ಲಿರುವ ನಮ್ಮ ಶಿವಮೊಗ್ಗದ ಗೆಳೆಯನ ಮನೆಗೆ ಹೋಗಿದ್ದೆ. ಅಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ಈ ಬರಹ ಹೊರದೇಶದ ಗ್ಯಾರೇಜುಗಳಲ್ಲಿ ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ಇಟ್ಟುಕೊಂಡವರಿಗೆ.

ಅವನು ಗ್ಲಾಸಿಗೆ ಸುರಿದ ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ಬಣ್ಣ ನೋಡಿದಾಗಲೇ ಅನುಮಾನ ಬಂತು. ಕಿತ್ತಳೆ ರಸದಂತೆ ಇರಬೇಕಾದದ್ದು ಕತ್ತರಿಸಿಟ್ಟ ಸೇಬಿನ ಹಾಗೆ ಕಂದಿತ್ತು. ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್ಸ್, ಅದರ ಘಮ ಇಲ್ಲವೇ ಇಲ್ಲ. ಬದಲಿಗೆ ಜೇನಿನಂಥ ಸಪ್ಪೆ ಸಿಹಿ. ನುಂಗಿದ ಮೇಲೆ ಮಳೆಯಲ್ಲಿ ನೆಂದ ರಟ್ಟಿನ ಡಬ್ಬಿ.

"ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬದಲಾಯಿಸಿದೆ, ನೀರು ಬದಲಾಯಿಸಿದೆ. ಏನ್ ಮಾಡಿದ್ರೂ ಮೂರನೇ ವಾರಕ್ಕೆ ಇದೇ ಕಥೆ ಕಣೋ" ಅಂದ.

"ಬಾಟಲಿಗೆ ತುಂಬಿಸಿದ ದಿನ ಹೇಗಿತ್ತು?"

"ಅವತ್ತು ಚೆನ್ನಾಗೇ ಇತ್ತು."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ತುಂಬಿಸಿದ ದಿನವೇ ಬೆಣ್ಣೆ ವಾಸನೆಯೋ ಕಾಯಿ ಸೇಬಿನ ವಾಸನೆಯೋ ಇದ್ದರೆ, ಯೀಸ್ಟ್ ತನ್ನ ಕೆಲಸ ಮುಗಿಸಿದೆಯಾ ಅಂತ ಮೊದಲು ನೋಡಬೇಕು. ಅವತ್ತು ಚೆನ್ನಾಗಿದ್ದು ಆಮೇಲೆ ಹೀಗೆ ಕಂದಿದರೆ ಅದು ಗಾಳಿಯ, ಅಂದರೆ ಅದರಲ್ಲಿನ ಆಕ್ಸಿಜನ್ನಿನ ಕೆಲಸ. ಕೆಲವೇ ಬಾಟಲಿಗಳು ಕೆಟ್ಟಿದ್ದರೆ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೇ ಅವು ಕಮ್ಮಿ ತುಂಬಿವೆ. ಅವನದು ಎಲ್ಲ ಬಾಟಲಿಯದ್ದೂ ಒಂದೇ ಹಣೆಬರಹ. ಹಾಗಾದರೆ ಬಾಟಲಿಗಿಂತ ಮುಂಚೆ ಏನೋ ಆಗಿದೆ, ಅಲ್ವಾ?

ರಟ್ಟಿನ ವಾಸನೆಗೆ ಮುಖ್ಯ ಕಾರಣ ಟ್ರಾನ್ಸ್-2-ನೊನೆನಾಲ್ ಅನ್ನುವ ರಾಸಾಯನಿಕ. ಮಾಲ್ಟ್‌ನಲ್ಲಿರುವ ಕೊಬ್ಬಿನಿಂದ ಹುಟ್ಟುವ ಇದು, ಹಳೇ ಎಣ್ಣೆ ಕಮಟು ಹಿಡಿಯುತ್ತದಲ್ಲ, ಅದರ ದಾಯಾದಿ. ಸಾವಿರ ಕೋಟಿ ಪಾಲಿನಲ್ಲಿ ಒಂದು ಪಾಲು ಇದ್ದರೂ ಸಾಕು, ಪಳಗಿದ ಮೂಗು ಹಿಡಿಯುತ್ತದೆ. ತೆಳು ರುಚಿಯ ತಿಳಿ ಬಿಯರ್ ಲಾಗರ್‌ನಲ್ಲಿ ಇದು ಎದ್ದು ಕಾಣುತ್ತದೆ. ಐಪಿಎಯಲ್ಲಿ ಮೊದಲು ಹೋಗುವುದು ಬಣ್ಣ, ಘಮ. ಗಟ್ಟಿ ಸ್ಟೌಟ್ (ಕಪ್ಪು ಬಿಯರ್) ಆದರೆ ಶೆರ್ರಿ ವೈನಿನಂತಾಗುತ್ತದೆ, ಅದನ್ನು ಇಷ್ಟಪಡುವವರೂ ಇದ್ದಾರೆ.

ಮರುದಿನ ಅವನ ಮುಂದಿನ ಬ್ಯಾಚ್ ನೋಡಿದೆ. ಹುದುಗು ಮುಗಿದಿತ್ತು. ಬಿಯರ್ ತಿಳಿಯಾಗಲಿ ಅಂತ ಫರ್ಮೆಂಟರನ್ನು 20 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸಲು ಫ್ರಿಜ್‌ನಲ್ಲಿಟ್ಟ. ಒಂದು ಗಂಟೆ ಬಿಟ್ಟು ಬಾಗಿಲು ತೆಗೆದು ಏರ್‌ಲಾಕ್ (ಹುದುಗಿನ ಅನಿಲ ಗುಳ್ಳೆಯಾಗಿ ಹೊರಹೋಗಲು ಮುಚ್ಚಳದಲ್ಲಿರುವ ನೀರಿನ ಕೊಳವೆ) ತೋರಿಸಿದೆ. ಗುಳ್ಳೆ ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು! ತಣ್ಣಗಾದರೆ ಮೇಲಿನ ಅನಿಲ ಕುಗ್ಗುತ್ತದೆ. ಜೊತೆಗೆ ತಣ್ಣನೆಯ ಬಿಯರ್ ಕಾರ್ಬನ್ ಡೈ ಆಕ್ಸೈಡನ್ನು ಜಾಸ್ತಿ ಕರಗಿಸಿಕೊಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಫ್ರಿಜ್‌ನ ಗಾಳಿ ನುಗ್ಗುತ್ತದೆ, ಅದರಲ್ಲಿ ನೂರಕ್ಕೆ 21 ಪಾಲು ಆಕ್ಸಿಜನ್. ಇದು ಸಾಲದು ಅಂತ ಹಾಪ್ಸ್ ಹಾಕಲು ಅವನು ಎರಡು ಸಲ ಮುಚ್ಚಳ ತೆಗೆದಿದ್ದ. ಬಿಯರನ್ನು ಬಾಟಲಿಗೆ ಇಳಿಸುವ ಸೈಫನ್ ಪೈಪಿನ ಜೋಡಣೆ ಸಡಿಲವಾಗಿ ಅಲ್ಲೂ ಸಣ್ಣ ಗುಳ್ಳೆಗಳು.

ಉಪಾಯ ದುಬಾರಿಯಲ್ಲ. ಹುದುಗು ಜೋರಾಗಿರುವಾಗಲೇ ಅದರ ಅನಿಲವನ್ನು ಒಂದು ದೊಡ್ಡ ಬಲೂನಿಗೆ ತುಂಬಿಸಿಕೊಂಡು, ತಣ್ಣಗಾಗುವಾಗ ಅದನ್ನೇ ಎಳೆದುಕೊಳ್ಳಲು ಬಿಡಿ. ಅದೂ ಬೇಡ ಅಂದರೆ ತಣ್ಣಗೆ ಮಾಡುವುದನ್ನೇ ಬಿಡಿ, ಸ್ವಲ್ಪ ಮಬ್ಬಾಗಿದ್ದರೆ ಏನೀಗ? ಹಾಪ್ಸನ್ನು ಹುದುಗು ಇನ್ನೂ ನಡೆಯುತ್ತಿರುವಾಗಲೇ ಹಾಕಿ. ಪೈಪನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ತುಂಬಿ. ಬಾಟಲಿಯ ಯೀಸ್ಟ್ ಸ್ವಲ್ಪ ಆಕ್ಸಿಜನ್ ತಿನ್ನುತ್ತದೆ ನಿಜ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಬಿಸಿ ವರ್ಟ್ (ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸ) ಚಿಮ್ಮಿತು ಅಂತ ಸುಮ್ನೆ ತಲೆಕೆಡಿಸಿಕೊಳ್ಳುವವರಿಗೆ ನನ್ನದೊಂದು ಮಾತು: ಮೊದಲು ತಣ್ಣನೆಯ ಕಡೆ, ಅಂದರೆ ಹುದುಗಿನ ನಂತರದ ಕೆಲಸ, ಸರಿ ಮಾಡಿ. ಗಾಳಿ ಬೇಕಾದ ಹೊತ್ತು ಒಂದೇ, ಯೀಸ್ಟ್ ಹಾಕುವಾಗ.

ಬಾಟಲಿ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಬಿಯರ್ ಮಾಡುವ ನಮ್ಮವರಲ್ಲಿ 3-30-300 ಅಂತ ಒಂದು ಅಂದಾಜಿದೆ. 32 ಡಿಗ್ರಿಯಲ್ಲಿ 3 ದಿನಕ್ಕೆ ಆಗುವ ಹಾನಿ 22ರಲ್ಲಿ 30 ದಿನಕ್ಕೆ, 3 ಡಿಗ್ರಿಯಲ್ಲಿ 300 ದಿನಕ್ಕೆ.

ಈ ವಾಸನೆ ಗುರುತು ಹಿಡಿಯುವುದು ಹೇಗೆ ಅಂತ ಗೆಳೆಯ ಕೇಳಿದ. ಅಂಗಡಿಯಿಂದ ಒಂದೇ ಬ್ಯಾಚಿನ ಎರಡು ಲಾಗರ್ ತರಿಸಿದೆ. ಒಂದು ಫ್ರಿಜ್‌ಗೆ ಹೋಯಿತು. ಇನ್ನೊಂದನ್ನು ತೆರೆದು, ಕಾಲು ಭಾಗ ಚೆಲ್ಲಿ, ಗ್ಯಾಸ್ ಹೋಗುವವರೆಗೆ ಮೆಲ್ಲಗೆ ಕುಲುಕಿ, ಮತ್ತೆ ಮುಚ್ಚಿ ಬಾಯ್ಲರ್ ಪಕ್ಕದ ಬೆಚ್ಚನೆ ಮೂಲೆಯಲ್ಲಿಟ್ಟೆವು. ಒಂದು ವಾರದ ಮೇಲೆ ಎರಡನ್ನೂ ಅಕ್ಕಪಕ್ಕ ಸುರಿದು ಅವನ ಹೆಂಡತಿಗೆ ಕೊಟ್ಟೆವು. ಆಕೆ ಬಿಯರ್ ಕುಡಿಯುವುದಿಲ್ಲ. ಮೂಸಿ ನೋಡಿ ಎರಡನೇ ಗ್ಲಾಸನ್ನು ಪಕ್ಕಕ್ಕೆ ತಳ್ಳಿ, "ಇದು ಹಳೇ ನೋಟ್‌ಬುಕ್ ವಾಸನೆ" ಅಂದರು.