ಮೊಟ್ಟೆಯಿಟ್ಟ ಮೇಲೆ ಕುಕ್ಕೂ ಏಕೆ ಕೂಗುತ್ತದೆ?

ವಸಂತದಲ್ಲಿ ನಮ್ಮ ಮಾವಿನ ತೋಪುಗಳಿಂದ ಕೇಳಿಬರುವ ‘ಕುಹೂ’ ಗಂಡು ಕೋಗಿಲೆಯದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹೆಣ್ಣು ‘ಕಿಕ್ ಕಿಕ್ ಕಿಕ್’ ಎಂದು ಚೀರುತ್ತದೆ. ಅದನ್ನು ಹಾಡೆಂದು ಯಾರೂ ಹೊಗಳಿದ್ದಿಲ್ಲ. ಕೋಗಿಲೆಯ ಬಳಗದ ಯುರೋಪಿನ ಕುಕ್ಕೂ ಹಕ್ಕಿಯದೂ ಇದೇ ಕತೆ. ಗೋಡೆ ಗಡಿಯಾರಗಳು ಅನುಕರಿಸುವುದು ಗಂಡಿನ ‘ಕುಕ್‌-ಕೂ’ವನ್ನು. ಹೆಣ್ಣಿನದು ಗುಳುಗುಳನೆ ನಕ್ಕಂತಹ, ಅವಸರದ ಕೂಗು. ನನಗೆ ಹೆಚ್ಚು ಕುತೂಹಲ ಇರುವುದು ಈ ಕೂಗಿನ ಬಗ್ಗೆಯೇ.

ಇಂಗ್ಲೆಂಡಿನ ಜೌಗುಗಳಲ್ಲಿ ಕುಕ್ಕೂ ಮೊಟ್ಟೆಯಿಡುವುದು ಪುಟ್ಟ ಜೊಂಡು ಉಲಿಯಕ್ಕಿಯ ಗೂಡಿನಲ್ಲಿ. ಹೆಣ್ಣು ಕುಕ್ಕೂ ಮರದ ಮರೆಯಲ್ಲಿ ಸದ್ದಿಲ್ಲದೆ ಕುಳಿತು ಗೂಡನ್ನು ಗಮನಿಸುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಸರಕ್ಕನೆ ಇಳಿದು, ಉಲಿಯಕ್ಕಿಯ ಒಂದು ಮೊಟ್ಟೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ತನ್ನದೊಂದನ್ನು ಇಟ್ಟು ಹಾರಿಹೋಗುತ್ತದೆ. ಇದಕ್ಕೆಲ್ಲ ಹಿಡಿಯುವುದು ಸುಮಾರು 10 ಸೆಕೆಂಡು. ಇಷ್ಟು ಗುಟ್ಟಾಗಿ ಕೆಲಸ ಮುಗಿಸಿದ ಹಕ್ಕಿ, ಹೊರಟ ಮೇಲೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ! ಕಳ್ಳನೇ ತಮಟೆ ಬಾರಿಸಿದರೆ ಅವನಿಗೇನು ಲಾಭ?

ಕೇಂಬ್ರಿಜ್ ವಿಶ್ವವಿದ್ಯಾಲಯದ ಜೆನ್ನಿ ಯಾರ್ಕ್ ಮತ್ತು ನಿಕ್ ಡೇವಿಸ್ 2017ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ವಿಕೆನ್ ಫೆನ್ ಎಂಬ ಜೌಗಿನಲ್ಲಿ ಉಲಿಯಕ್ಕಿಗಳ ಗೂಡಿನ ಬಳಿ ಅವರು ನಾಲ್ಕು ಬಗೆಯ ದನಿಗಳನ್ನು ಕೇಳಿಸಿದರು: ಗಂಡು ಕುಕ್ಕೂ, ಹೆಣ್ಣು ಕುಕ್ಕೂ, ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುವ ಗುಬ್ಬಿಡೇಗೆ, ಮತ್ತು ನಿರುಪದ್ರವಿ ಬೆಳವ. ಗಂಡಿನ ಕೂಗಿಗೆ ಉಲಿಯಕ್ಕಿ ಬೆಳವದ ಕೂಗಿಗಿಂತ ಹೆಚ್ಚಿನ ಬೆಲೆ ಕೊಡಲಿಲ್ಲ. ಹೆಣ್ಣು ಕುಕ್ಕೂವಿನ ದನಿ ಕೇಳಿದಾಗ ಮಾತ್ರ, ಡೇಗೆಯೇ ಬಂದಂತೆ ಕತ್ತೆತ್ತಿ ಸುತ್ತಮುತ್ತ ನೋಡತೊಡಗಿತು. ಡೇಗೆಯ ಕಿರಿಕಿರಿ ದನಿಗೂ ಈ ನಗುವಿಗೂ ಹತ್ತಿರದ ಹೋಲಿಕೆಯಿದೆ. ಹೀಗೆ ಬೆದರಿದ ಉಲಿಯಕ್ಕಿ ಗೂಡಿನಲ್ಲಿರುವ ಪರಕೀಯ ಮೊಟ್ಟೆಯನ್ನು ಎತ್ತಿ ಎಸೆಯುವುದೂ ಕಡಿಮೆಯಾಯಿತು. ಕುಕ್ಕೂವಿನಿಂದ ಯಾವ ಕಾಟವನ್ನೂ ಅನುಭವಿಸದ ಚಿಕ್ಕ ಟಿಟ್ ಹಕ್ಕಿಗಳು ಕೂಡ ಆ ದನಿಗೆ ಹಾಗೆಯೇ ಬೆಚ್ಚಿದವು. ಅಂದರೆ ಇದು ಕುಕ್ಕೂವಿನ ಭಯವಲ್ಲ, ಡೇಗೆಯ ಭಯ.

ಉಲಿಯಕ್ಕಿಯನ್ನು ಇದಕ್ಕಾಗಿ ಪೆದ್ದು ಎನ್ನುವುದು ತಪ್ಪು. ಮೊಟ್ಟೆ ಹೋದರೆ ಮತ್ತೆ ಇಡಬಹುದು, ಜೀವ ಹೋದರೆ ಏನನ್ನೂ ಇಡಲಾಗದು. ಡೇಗೆಯ ದನಿಯಂತಹದ್ದು ಕಿವಿಗೆ ಬಿದ್ದಾಗ ಮೊಟ್ಟೆಗಳನ್ನು ಪರೀಕ್ಷಿಸುತ್ತ ಕೂರುವ ಹಕ್ಕಿಯ ವಂಶ ಬಹಳ ದಿನ ಉಳಿಯುತ್ತಿರಲಿಲ್ಲ. ಕುಕ್ಕೂ ಬಳಸಿಕೊಳ್ಳುವುದು ಉಲಿಯಕ್ಕಿಯ ಈ ವಿವೇಕವನ್ನೇ. ಎದೆಯ ಮೇಲಿನ ಪಟ್ಟೆಗಳಿಂದ ಅದರ ಮೈಯೂ ಡೇಗೆಯನ್ನು ಹೋಲುತ್ತದೆ. ದನಿ ಆ ವೇಷವನ್ನು ಪೂರ್ತಿ ಮಾಡುತ್ತದೆ.

ಮರಿಯ ಮೋಸವೂ ಕಿವಿಯ ಮೂಲಕವೇ. ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆಗಳನ್ನು ಬೆನ್ನಿನಿಂದ ತಳ್ಳಿ ಹಾಕಿದ ಕುಕ್ಕೂ ಮರಿ ಗೂಡಿನಲ್ಲಿ ಒಂಟಿ. ಒಂದೇ ಬಾಯಿ ತೋರಿಸಿದರೆ ಸಿಗುವ ಆಹಾರ ಅದಕ್ಕೆ ಸಾಲದು. ಹಾಗಾಗಿ ಅದು ಗೂಡು ತುಂಬ ಹಸಿದ ಮರಿಗಳಿರುವಂತೆ ಬಿಡುವಿಲ್ಲದೆ ಚಿಲಿಪಿಲಿಗುಟ್ಟುತ್ತದೆ. ಸಂಶೋಧಕರು ಅಷ್ಟೇ ಗಾತ್ರದ ಬೇರೆ ಜಾತಿಯ ಮರಿಯನ್ನು ಗೂಡಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದರು. ಉಲಿಯಕ್ಕಿಗಳು ಅದಕ್ಕೆ ಕಡಿಮೆ ಉಣಿಸಿದವು. ಪಕ್ಕದ ಸ್ಪೀಕರಿನಿಂದ ಕುಕ್ಕೂ ಮರಿಯ ಮೊರೆ ಕೇಳಿಸಿದಾಗ ತುತ್ತುಗಳು ಹೆಚ್ಚಿದವು.

ಹೆಣ್ಣಿನ ಆ ಗುಳುಗುಳು ನಗು ಉಲಿಯಕ್ಕಿಗಾಗಿ ಮಾತ್ರ ಹುಟ್ಟಿದ್ದು ಎಂದುಕೊಳ್ಳುವಂತಿಲ್ಲ. ಹಂಗೆರಿಯಲ್ಲಿ ಅದನ್ನು ಧ್ವನಿಮುದ್ರಿಸಿ ಕೇಳಿಸಿದಾಗ ಗಂಡು ಕುಕ್ಕೂಗಳು ಸಂಗಾತಿಯನ್ನು ಅರಸಿ ಹಾರಿ ಬಂದವು, ಹೆಣ್ಣುಗಳೂ ಅದಕ್ಕೆ ಸ್ಪಂದಿಸಿದವು. ಒಂದೇ ದನಿ ಗಂಡಿಗೆ ಕರೆ, ಉಲಿಯಕ್ಕಿಗೆ ಸಾವಿನ ಸೂಚನೆ. ಕುಕ್ಕೂಗಳ ನಡುವಿನ ಮಾತಾಗಿದ್ದ ಕೂಗು ಕ್ರಮೇಣ ಡೇಗೆಯ ದನಿಯತ್ತ ವಾಲಿತೋ, ಮೊದಲಿನಿಂದಲೂ ಇದ್ದ ಹೋಲಿಕೆಯೇ ಮೊಟ್ಟೆಯಿಡುವಾಗ ಉಪಯೋಗಕ್ಕೆ ಬಂತೋ ಎಂಬುದನ್ನು ತಿಳಿಯಲು, ಅನ್ಯರ ಗೂಡಿನಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಜೊತೆಗೆ ಸ್ವಂತ ಗೂಡು ಕಟ್ಟುವ ಅವುಗಳ ಬಂಧುಗಳ ಕೂಗುಗಳನ್ನೂ ಹೋಲಿಸಿ ನೋಡಬೇಕು.