ಕಡಲ ತೀರದ ವಿಲ್ಲಾ: ಬೀಚ್ ಹೆಸರು ಕೊನೆಗೆ ಕೇಳಿ

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಟ್ರಾವೆಲ್ ಆಫೀಸಿಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಎಂಟು ಜನ ಇದ್ದೀವಿ ಮೇಡಂ, ಅಪ್ಪ ಅಮ್ಮಾನೂ ಬರ್ತಾರೆ. ಸಮುದ್ರದ ಪಕ್ಕ ಒಂದು ವಿಲ್ಲಾ ನೋಡಿ. ಯಾವ ಬೀಚ್ ಚೆನ್ನಾಗಿದೆ?" ನಾನು ತಿರುಗಿ ಕೇಳುವುದು ಎರಡೇ. ಯಾವ ತಿಂಗಳು? ಅಮ್ಮನಿಗೆ ಮಂಡಿ ನೋವು ಇದೆಯಾ? ಇಂಥ ರಜೆಯಲ್ಲಿ ನೀರಿನ ಹತ್ತಿರ ಇರೋದು ದಿನಕ್ಕೆ ಎರಡು ಮೂರು ಗಂಟೆ. ಉಳಿದ ಹೊತ್ತೆಲ್ಲ ಮನೆಯಲ್ಲೇ, ಅಲ್ವಾ?

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕಡಲಿಗೆ ಇಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುವುದರಿಂದ ತಾಜಾ ಅಂಜಲ್ ಮೀನು ಸಿಗೋದು ಕಷ್ಟ. ಅಕ್ಟೋಬರ್‌ನಲ್ಲಿ ಸಂಜೆ ಗುಡುಗಿ ಮಳೆ ಬರಬಹುದು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಆಗಲೂ ಮಂಗಳೂರಿನ ಕಡೆ ಮಧ್ಯಾಹ್ನ 32 ಡಿಗ್ರಿ ಸುತ್ತಮುತ್ತ ಇರುತ್ತದೆ, ಸುಮ್ನೆ ಸ್ವೆಟರ್ ಹೊತ್ತುಕೊಂಡು ಹೋಗಬೇಡಿ. ಪುದುಚೇರಿಯ ಲೆಕ್ಕ ಉಲ್ಟಾ. ಅಲ್ಲಿನ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದೀಪಾವಳಿ ರಜೆಗೆ ಅಲ್ಲಿ ವಿಲ್ಲಾ ಹಿಡಿದು ಕಿಟಕಿಯಲ್ಲಿ ಮಳೆ ನೋಡುತ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ. ಪುದುಚೇರಿ ಏನಿದ್ದರೂ ಜನವರಿ ಕಳೆಯುತ್ತಾ ಬಂದ ಮೇಲೆ.

ಮಕ್ಕಳಿಗೆ ರಜೆ ಸಿಗೋದೇ ಏಪ್ರಿಲ್–ಮೇನಲ್ಲಿ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ, ನೀರಿನ ವಿಚಾರ ಕೇಳಿ ಅನ್ನುತ್ತೇನೆ. ಬೇಸಿಗೆ ಕೊನೆಗೆ ಕಡಲ ಅಂಚಿನ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಸ್ನಾನಕ್ಕೆ ಸಿಹಿ ನೀರು ಎಲ್ಲಿಂದ, ಟ್ಯಾಂಕರ್ ದಿನಾ ಬರುತ್ತಾ? ಕರೆಂಟ್ ಹೋದರೆ ಜನರೇಟರ್ ಇದೆಯಾ? "ಪವರ್ ಬ್ಯಾಕಪ್ ಇದೆ" ಎಂದರೆ ಬಹಳ ಕಡೆ ಬರೀ ಇನ್ವರ್ಟರ್. ಫ್ಯಾನು, ಲೈಟು ನಡೆಯುತ್ತದೆ, ಎಸಿ ನಡೆಯುವುದಿಲ್ಲ. ಮೇ ತಿಂಗಳ ಬೆವರಿನಲ್ಲಿ ಅದರ ಅರ್ಥ ರಾತ್ರಿ ಹತ್ತು ಗಂಟೆಗೆ ಗೊತ್ತಾಗುತ್ತದೆ.

ಈಗ ಮನೆ. ಜಾಹೀರಾತಿನ ಫೋಟೋದಲ್ಲಿ ಸಮುದ್ರದ ಕಡೆ ಗೋಡೆಯಗಲ ಗಾಜು ಇರುತ್ತದೆ, ನೋಡಲು ಭಾರೀ ಚಂದ. ಆದರೆ ನಮ್ಮ ಕರಾವಳಿಯಲ್ಲಿ ಸಮುದ್ರ ಇರೋದು ಪಶ್ಚಿಮಕ್ಕೆ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವ ತನಕ ಬಿಸಿಲು ನೇರ ಆ ಗಾಜಿಗೆ ಹೊಡೆಯುತ್ತದೆ. ಊಟ ಮುಗಿಸಿ ಹಿರಿಯರು ಅಡ್ಡಾಗುವ ಹೊತ್ತಿಗೆ ಆ ರೂಮು ಇಡ್ಲಿ ಪಾತ್ರೆಯಾಗಿರುತ್ತದೆ. ಮಂಗಳೂರು ಹೆಂಚಿನ ಮಾಡು, ಅಗಲವಾದ ಜಗಲಿ, ಸುತ್ತ ನಾಲ್ಕು ತೆಂಗಿನ ಮರ ಇರುವ ಹಳೆಯ ಮನೆ ಫೋಟೋದಲ್ಲಿ ಸಪ್ಪೆ ಕಂಡರೂ ನನ್ನ ಓಟು ಅದಕ್ಕೇ. ನೆಲಮಹಡಿಯಲ್ಲಿ ಕನಿಷ್ಠ ಒಂದು ಬೆಡ್‌ರೂಮು, ಅದಕ್ಕೇ ಸೇರಿದ ವೆಸ್ಟರ್ನ್ ಕಮೋಡ್ ಇರಲೇಬೇಕು. ಈಜುಕೊಳ ಇದ್ದರೆ ಸುತ್ತ ಬೇಲಿ, ಗೇಟು ಇದೆಯಾ ನೋಡಿ. ಖಾಸಗಿ ವಿಲ್ಲಾಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಪುಟ್ಟ ಮಗು ಇದ್ದರೆ ಕೊಳವಿಲ್ಲದ ಮನೆಯೇ ವಾಸಿ, ಇಲ್ಲವಾದರೆ ಒಬ್ಬರ ರಜೆ ಪೂರ್ತಿ ಕಾವಲಿಗೇ ಹೋಗುತ್ತದೆ.

ಅಡುಗೆಯವರು ಇದ್ದಾರೆ ಅಂದರೆ ಇನ್ನೊಂದು ಮಾತು ಕೇಳಿ: ಅನ್ನ ಯಾವುದು? ಕುಂದಾಪುರ, ಉಡುಪಿ ಕಡೆ ಮನೆ ಊಟಕ್ಕೆ ಕುಚ್ಚಲಕ್ಕಿ. ಮೀನು ಸಾರಿಗೆ ಅದರಷ್ಟು ಒಗ್ಗುವುದು ಬೇರೆ ಇಲ್ಲ. ಆದರೆ ತುಮಕೂರಿನ ತಾತನಿಗೆ ಮೂರು ಹೊತ್ತೂ ದಪ್ಪ ಕೆಂಪು ಅನ್ನ ಹಾಕಿದರೆ ರಜೆ ಅಲ್ಲಿಗೇ ಮುಗಿಯಿತು. ಬೆಳ್ತಿಗೆ, ಅಂದರೆ ಬಿಳಿ ಅನ್ನವೂ ಬೇಕು ಅಂತ ಮೊದಲೇ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಕಾಗದಪತ್ರ ಕೇಳಲು ಸಂಕೋಚ ಬೇಡ. ಗೋವಾದಲ್ಲಿ ಬಾಡಿಗೆ ವಿಲ್ಲಾಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಿದಾಗ ಮಾತು ತೇಲಿಸಿದರೆ ಬಿಟ್ಟುಬಿಡಿ. ಮರಳಿನ ಮೇಲೇ ಹೊಸ ಕಾಂಕ್ರೀಟ್ ಮನೆ ಎದ್ದಿದ್ದರೆ ಇನ್ನೂ ಜಾಸ್ತಿ ವಿಚಾರಿಸಿ. ಭರತದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ ಇಂತಿಷ್ಟು ದೂರ ಕಟ್ಟಡ ಕಟ್ಟಬಾರದೆಂದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ.

ಇನ್ನು ಕಡಲು. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ನೀರು ಶಾಂತ ಕಂಡರೂ ಸೆಳೆತ ಜೋರು, ಅಲ್ಲಿ ಯಾವ ತಿಂಗಳಲ್ಲೂ ಇಳಿಯಬೇಡಿ. ಮಳೆಗಾಲ ಮುಗಿದರೆ ಅಪಾಯ ಮುಗಿಯಿತು ಅನ್ನುವುದೂ ತಪ್ಪು. ಮುರುಡೇಶ್ವರದಲ್ಲಿ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಜೀವರಕ್ಷಕರು, ಶುಚಿ, ನೀರಿನ ಗುಣಮಟ್ಟ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಕ್ಕಳನ್ನು ನೀರಿಗಿಳಿಸಲು ಅಂಥ ಕಡೆ ಕರೆದುಕೊಂಡು ಹೋಗಿ. ಮರವಂತೆ ಹೆದ್ದಾರಿಯಿಂದ ನೋಡಲು ಚಂದ, ಈಜಲು ಅಲ್ಲ.

ಹಾಗಾದರೆ ಎಲ್ಲಿಗೆ? ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ನನ್ನ ಮೊದಲ ಆಯ್ಕೆ ಮಲ್ಪೆಯಿಂದ ಕಾಪುವರೆಗಿನ ಪಟ್ಟಿ, ಅದರಲ್ಲೂ ಪಡುಕೆರೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಸಮತಟ್ಟು ದಾರಿ. ಮಣಿಪಾಲದ ದೊಡ್ಡ ಆಸ್ಪತ್ರೆಯೂ ದೂರವಿಲ್ಲ. ಚಳಿಗಾಲದಲ್ಲಿ ಹೋದರೆ ಪಕ್ಕದ ಮಟ್ಟು ಊರಿನ ಗುಳ್ಳ ಬದನೆಯ ಹುಳಿ, ರಾತ್ರಿಗೆ ಎಲ್ಲೋ ಗದ್ದೆಯಲ್ಲಿ ಯಕ್ಷಗಾನ. ಗೋಕರ್ಣ ನನಗೆ ಇಷ್ಟ, ಆದರೆ ಓಂ ಬೀಚ್‌ಗೂ ಕುಡ್ಲೆಗೂ ಮೆಟ್ಟಿಲಿಳಿಯಬೇಕು, ಮತ್ತೆ ಹತ್ತಬೇಕು. ಮಂಡಿ ನೋವಿನವರಿಗೆ ಅದು ಶಿಕ್ಷೆ. ಕೊಳ, ಹಿತ್ತಲು, ದೊಡ್ಡ ಬಂಗಲೆಯೇ ಬೇಕೆಂದರೆ ದಕ್ಷಿಣ ಗೋವಾದ ಬೆನೌಲಿಂ, ಕಾವೆಲೊಸಿಂ ನೋಡಿ. ವಿಮಾನದ ಟಿಕೆಟ್ ದಾಬೋಲಿಂಗೆ ಮಾಡಿ. ಉತ್ತರದ ಮೋಪಾಕ್ಕೆ ಕಡಿಮೆ ಸಿಕ್ಕರೂ ಉಳಿದ ದುಡ್ಡು ಟ್ಯಾಕ್ಸಿಗೇ ಹೋಗುತ್ತದೆ.

ಉಡುಪಿಗೆ ಹೋಗುವವರು ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಬಹುದು. ಮಕ್ಕಳು ಮಲಗಿರುವಾಗಲೇ ಘಾಟಿ ಕಳೆದಿರುತ್ತದೆ. ಒಂದೇ ತೊಂದರೆ, ಬೆಳಕು ಹರಿಯುವ ಮೊದಲೇ ಇಳಿಸುತ್ತದೆ, ವಿಲ್ಲಾದ ಬಾಗಿಲು ತೆರೆಯುವುದು ಮಧ್ಯಾಹ್ನ. ಹಿಂದಿನ ರಾತ್ರಿ ಮನೆ ಖಾಲಿ ಇರುತ್ತಾ, ಬೆಳಿಗ್ಗೆಯೇ ಒಳಗೆ ಬಿಡುತ್ತೀರಾ ಅಂತ ಮೊದಲೇ ಮಾತಾಡಿಕೊಳ್ಳಿ.

ಅಡ್ವಾನ್ಸ್ ಹಾಕುವ ಮುಂಚೆ ಮನೆ ನೋಡಿಕೊಳ್ಳುವವರಿಗೆ ಮಧ್ಯಾಹ್ನ ಮೂರು ಗಂಟೆಗೆ ವಿಡಿಯೋ ಕಾಲ್ ಮಾಡಿ. ಫೋನ್ ಹಿಡಿದು ಹಿರಿಯರ ರೂಮಿನಿಂದ ಗೇಟು, ಗೇಟಿನಿಂದ ನೀರಿನವರೆಗೆ ನಡೆದು ತೋರಿಸಲು ಹೇಳಿ. ರೂಮಿಗೆ ಬಿಸಿಲು ಎಷ್ಟು ಬೀಳುತ್ತೆ, ದಾರಿಯಲ್ಲಿ ಮೆಟ್ಟಿಲೆಷ್ಟು, "ಎರಡು ನಿಮಿಷದ ದಾರಿ" ನಿಜಕ್ಕೂ ಎಷ್ಟು ನಿಮಿಷ, ಎಲ್ಲ ಒಂದೇ ಕಾಲ್‌ನಲ್ಲಿ ತಿಳಿಯುತ್ತದೆ. ತೋರಿಸಲು ಒಪ್ಪದವರ ಮನೆಯನ್ನು ನಾನಂತೂ ಬುಕ್ ಮಾಡುವುದಿಲ್ಲ.