ಫ್ರೆಂಚರಿಗೆ ‘ಕಪ್ಪೆ’ ಅಂತ ಅಡ್ಡಹೆಸರು ಅಂಟಿದ್ದು ಹೇಗೆ

ಇಂಗ್ಲೆಂಡು ಫ್ರಾನ್ಸು ಮ್ಯಾಚ್ ಇದ್ದಾಗ ಲಂಡನ್ನಿನ ಪಬ್ಬುಗಳಲ್ಲಿ ‘ಫ್ರಾಗ್ಸ್’ ಅನ್ನೋ ಪದ ಧಾರಾಳವಾಗಿ ಓಡಾಡುತ್ತೆ, ಫ್ರೆಂಚ್ ಕಾರು, ಫ್ರೆಂಚ್ ಸಿನಿಮಾ, ಫ್ರೆಂಚ್ ಧಾಟಿ ಇಂಗ್ಲಿಷು ಎಲ್ಲಾನೂ ಒಟ್ಟಾಗಿ ‘ಫ್ರಾಗಿ’. ಯಾಕಪ್ಪಾ ಹಾಗಂತೀರ ಅಂದ್ರೆ ರೆಡಿ ಉತ್ತರ ಇದೆ, ಅವ್ರು ಕಪ್ಪೆ ಕಾಲು ತಿಂತಾರಲ್ಲ ಅದಕ್ಕೇ ಅಂತ. ಕೇಳೋಕೆ ಸರಿಯಾಗೇ ಇದೆ, ಆದ್ರೆ ಹಳೇದನ್ನ ಸ್ವಲ್ಪ ಕೆದಕಿದ್ರೆ ಗೊತ್ತಾಗುತ್ತೆ, ಇಂಗ್ಲಿಷರು ಮೊದಲು ಕಪ್ಪೆ ಅಂತ ಹೀಯಾಳಿಸಿದ್ದು ಡಚ್ಚರನ್ನ!

17ನೇ ಶತಮಾನದಲ್ಲಿ ಸಮುದ್ರ ವ್ಯಾಪಾರಕ್ಕೆ ಇಂಗ್ಲಿಷರಿಗೂ ಡಚ್ಚರಿಗೂ ಹಾವು ಮುಂಗುಸಿ ಥರ, 1652ರಿಂದ 1674ರ ಒಳಗೆ ಮೂರು ಸಲ ಯುದ್ಧ ಆಯ್ತು. ಹಾಲೆಂಡ್ ಅಂದ್ರೆ ತಗ್ಗು ಜಾಗ, ಕಾಲುವೆ, ಜೌಗು, ನೋಡಿದ ಕಡೆ ನೀರು, ಅಲ್ಲಿರೋರು ಕಪ್ಪೆಗಳಲ್ದೆ ಇನ್ನೇನು ಅಂತ ಇವರ ಲೆಕ್ಕ. ಊಟದ ಮಾತು ಇದ್ರಲ್ಲಿ ಎಲ್ಲೂ ಬರಲ್ಲ.

ಇದಕ್ಕೆ ಒಳ್ಳೇ ಸಾಕ್ಷಿ 1712ರಲ್ಲಿ ಜಾನ್ ಆರ್ಬತ್‌ನಾಟ್ ಅನ್ನೋ ಸ್ಕಾಟಿಷ್ ಡಾಕ್ಟರು ಬರೆದ ವಿಡಂಬನೆ. ಆಗ ಸ್ಪೇನ್ ಸಿಂಹಾಸನ ಯಾರಿಗೆ ಅಂತ ಯೂರೋಪ್ ಪೂರ್ತಿ ಹೊಡೆದಾಡ್ತಿತ್ತು, ಈ ಮನುಷ್ಯ ಆ ಯುದ್ಧಾನ ಒಂದು ಕೋರ್ಟ್ ಕೇಸ್ ಥರ ಬರೆದ. ಇಂಗ್ಲೆಂಡಿಗೆ ಜಾನ್ ಬುಲ್ ಅಂತ ಹೆಸರಿಟ್ಟ (ಆ ಗೂಳಿ ಹೆಸರು ಪ್ರಸಿದ್ಧಿಗೆ ಬಂದಿದ್ದೇ ಇಲ್ಲಿಂದ), ಅವನು ಬಟ್ಟೆ ವ್ಯಾಪಾರಿ. ಅವನ ಜೊತೆ ಸೇರಿ ಕೇಸ್ ನಡೆಸೋ ಇನ್ನೊಬ್ಬ ಜವಳಿ ವ್ಯಾಪಾರಿ ನಿಕೋಲಸ್ ಫ್ರಾಗ್, ಅಂದ್ರೆ ಡಚ್ಚರು. ಹಾಗಾದ್ರೆ ಫ್ರೆಂಚ್ ರಾಜ ಏನಾದ? ಅವನಿಗೆ ಲೂಯಿಸ್ ಬಬೂನ್ ಅಂತ ಹೆಸರು, ಬೂರ್ಬೋನ್ ವಂಶದ ಹೆಸರನ್ನ ತಿರುಚಿ ಮಂಗ ಮಾಡಿಟ್ಟಿದ್ದ. ಅಂದ್ರೆ 1712ರಲ್ಲೂ ಕಪ್ಪೆ ಡಚ್ಚರ ಪಾಲಿಗೇ ಇತ್ತು, ಫ್ರೆಂಚರಿಗೆ ಸಿಕ್ಕಿದ್ದು ಮಂಗ.

ಆಮೇಲೆ ಡಚ್ಚರ ಜೋರು ಇಳೀತು, ಫ್ರಾನ್ಸ್ ಇಂಗ್ಲೆಂಡಿಗೆ ನಂಬರ್ ಒನ್ ವೈರಿ ಆಯ್ತು, ಅಮೆರಿಕ, ಕೆನಡಾ, ನಮ್ಮ ಕರ್ನಾಟಿಕ್ ಯುದ್ಧಗಳು ಎಲ್ಲಾ ಕಡೆ ಇವರಿಬ್ಬರದ್ದೇ ಗಲಾಟೆ. ಬೈಗುಳಾನೂ ಸದ್ದಿಲ್ದೆ ವಿಳಾಸ ಬದಲಾಯಿಸ್ತು. 1778ರಲ್ಲಿ ಬಂದ ಫ್ಯಾನಿ ಬರ್ನಿ ಕಾದಂಬರಿ ‘ಎವೆಲಿನಾ’ದಲ್ಲಿ ಒಬ್ಬ ನೌಕಾಪಡೆ ಕ್ಯಾಪ್ಟನ್ ಇದಾನೆ, ಫ್ರಾನ್ಸ್ ಹೆಸರು ಕೇಳಿದ್ರೆ ಸಾಕು ಉರ್ಕೊಳ್ಳೋ ಆಸಾಮಿ, ಮದಾಂ ಡುವಾಲ್ ಅನ್ನೋ ಹೆಂಗಸನ್ನ ಅವನು ‘ಮಿಸೆಸ್ ಫ್ರಾಗ್’ ಅಂತ ಕರೀತಾನೆ. ಮಜಾ ಅಂದ್ರೆ ಆಯಮ್ಮ ಹುಟ್ಟಿದ್ದು ಇಂಗ್ಲಿಷರಾಗೇ, ಸುಮಾರು ವರ್ಷ ಫ್ರಾನ್ಸಲ್ಲಿದ್ದು ಅಲ್ಲಿಯವಳ ಥರ ಬಿಲ್ಡಪ್ ಕೊಡ್ತಿರ್ತಾಳೆ ಅಷ್ಟೆ.

ನಂಗನ್ಸೋದು, ಕಪ್ಪೆ ಕಾಲಿನ ಊಟ ಈ ಹೆಸರನ್ನ ಹುಟ್ಟಿಸ್ಲಿಲ್ಲ, ಗಟ್ಟಿಯಾಗಿ ಅಂಟಿಸ್ತು. ಡಚ್ಚರ ಮೇಲಿಂದ ಜಾರಿದ ಹೆಸರು ಫ್ರೆಂಚರ ಮೇಲೆ ಇವತ್ತಿಗೂ ಉಳ್ಕೊಂಡಿದೆ ಅಂದ್ರೆ ತೋರ್ಸೋಕೆ ಒಂದು ಪ್ಲೇಟ್ ಇದೆ ಅಂತ. ಹಂಗೆ ನೋಡಿದ್ರೆ ಇಂಗ್ಲಿಷರೂ ಸಾಚಾ ಅಲ್ಲ. 2013ರಲ್ಲಿ ಸ್ಟೋನ್‌ಹೆಂಜ್ ಹತ್ರದ ಏಮ್ಸ್‌ಬರಿಯಲ್ಲಿ ಅಗೆದಾಗ ಸುಟ್ಟ ನೆಲಗಪ್ಪೆ ಕಾಲಿನ ಮೂಳೆ ಸಿಕ್ತು, ಸುಮಾರು 8,000 ವರ್ಷ ಹಿಂದಿಂದು, ಬೇಯಿಸಿ ತಿಂದಿದ್ರು ಅಂತ ಅಗೆದೋರು ಹೇಳಿದ್ರು. ಪೇಪರುಗಳಿಗೆ ಹಬ್ಬ ಆಯ್ತು.

ಇನ್ನು ಆ ಪ್ಲೇಟಿಗೆ ನಮಗೂ ಸಂಬಂಧ ಇದೆ. ಫ್ರಾನ್ಸಲ್ಲಿ ಕಾಡುಕಪ್ಪೆ ಹಿಡಿದು ಮಾರೋಕೆ 1980ರ ಹೊತ್ತಿಗೇ ತಡೆ ಬಿತ್ತು, ಹೊರಗಿಂದ ತರಿಸ್ಕೊಳ್ತಿದ್ರು, ಕಳಿಸ್ತಿದ್ದ ದೇಶಗಳಲ್ಲಿ ಭಾರತಾನೂ ದೊಡ್ಡದು. ಗದ್ದೆ ಕಪ್ಪೆ ಹಿಡಿದು ಕಾಲು ಕತ್ತರಿಸಿ ಫ್ರೀಜ್ ಮಾಡಿ ಯೂರೋಪಿಗೆ, ಅಮೆರಿಕಕ್ಕೆ ಹಡಗಲ್ಲಿ ಕಳಿಸೋದು. ಹುಳ ತಿನ್ನೋ ಕಪ್ಪೆ ಹೋದ್ರೆ ಬೆಳೆ ಗತಿ ಏನು ಅಂತ ಕೂಗು ಎದ್ದು 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸ್ತು. ಆಮೇಲೆ ಆ ಬಿಸಿನೆಸ್ ಇಂಡೋನೇಷ್ಯಾ ಪಾಲಾಯ್ತು. ಗೋವಾದಲ್ಲಿ ಮಳೆಗಾಲದಲ್ಲಿ ‘ಜಂಪಿಂಗ್ ಚಿಕನ್’ ಅಂತ ಕದ್ದುಮುಚ್ಚಿ ಮಾರೋದೂ ಇದೇ ಕಪ್ಪೆ, ಕಾನೂನು ಪ್ರಕಾರ ಅಪರಾಧ.

ಫ್ರೆಂಚರೇನು ಸುಮ್ನೆ ಬೈಸ್ಕೊಂಡು ಕೂತಿಲ್ಲ. ಹುರಿದ ದನದ ಮಾಂಸ ಬಿಟ್ರೆ ಇವರಿಗೆ ಬೇರೆ ಗೊತ್ತಿಲ್ಲ ಅಂತ ಇಂಗ್ಲಿಷರಿಗೆ ‘ರೋಸ್‌ಬಿಫ್’ ಅಂತ ಹೆಸರಿಟ್ರು. ಇಂಗ್ಲಿಷರಿಗೆ ಆ ರೋಸ್ಟ್ ಬೀಫ್ ಅಂದ್ರೆ ಭಾರಿ ಹೆಮ್ಮೆ ಬೇರೆ. 1748ರಲ್ಲಿ ಹೋಗಾರ್ತ್ ಅನ್ನೋ ಇಂಗ್ಲಿಷ್ ಚಿತ್ರಕಾರ ಫ್ರಾನ್ಸಿನ ಕ್ಯಾಲೇ ಊರಿನ ಬಾಗಿಲು ಬರೀತಾ ಕೂತಿದ್ದಾಗ ಗೂಢಚಾರ ಅಂತ ಹಿಡಿದ್ರು, ಬಿಡಿಸ್ಕೊಂಡು ಬಂದವನೇ ಒಂದು ದೊಡ್ಡ ದನದ ಮಾಂಸದ ತುಂಡನ್ನ ಬಡಕಲು ಫ್ರೆಂಚ್ ಸೈನಿಕರು ಬಾಯಿ ಬಿಟ್ಕೊಂಡು ನೋಡ್ತಿರೋ ಥರ ಪೇಂಟಿಂಗ್ ಮಾಡಿ ಸೇಡು ತೀರಿಸ್ಕೊಂಡ.

1990ರ ನವೆಂಬರ್ 1ಕ್ಕೆ ‘ದಿ ಸನ್’ ಪೇಪರ್ ಮುಖಪುಟದಲ್ಲೇ ಯೂರೋಪಿಯನ್ ಕಮಿಷನ್ ಅಧ್ಯಕ್ಷನಾಗಿದ್ದ ಫ್ರೆಂಚ್ ಮನುಷ್ಯ ಜಾಕ್ ಡೆಲೋರ್‌ಗೆ ಬೈದು, ಫ್ರೆಂಚರಿಗೆ ‘ಫ್ರಾಗ್ ಆಫ್’ (ತೊಲಗ್ರೋ ಅಂತ) ಅನ್ನಿ ಅಂತ ಓದುಗರಿಗೆ ಕರೆ ಕೊಡ್ತು. ಅದಾಗಿ ಮೂರೇ ವರ್ಷಕ್ಕೆ, 1993ರಲ್ಲಿ, ಪ್ಯಾರಿಸ್ಸಲ್ಲೇ ‘ಫ್ರಾಗ್ ಅಂಡ್ ರೋಸ್‌ಬಿಫ್’ ಅಂತ ಇಂಗ್ಲಿಷ್ ಪಬ್ ಓಪನ್ ಆಯ್ತು, ಎರಡೂ ಬೈಗುಳ ಒಂದೇ ಬೋರ್ಡಲ್ಲಿ, ಜನ ಹೋಗಿ ಆರಾಮಾಗಿ ಬಿಯರ್ ಕುಡಿದ್ರು.

ಆದ್ರೆ ಪ್ಯಾರಿಸ್ಸಲ್ಲಿ ನಡೆಯೋದು ಕೆನಡಾದಲ್ಲಿ ನಡೆಯಲ್ಲ. ಅಲ್ಲಿ ಫ್ರೆಂಚ್ ಮಾತಾಡೋರು ಅಲ್ಪಸಂಖ್ಯಾತರು, ತಮ್ಮ ಭಾಷೆಗಾಗಿ ತಲೆಮಾರುಗಳಿಂದ ಗುದ್ದಾಡ್ಕೊಂಡು ಬಂದೋರು, ಅವರಿಗೆ ‘ಫ್ರಾಗ್’ ಅಂದ್ರೆ ಕಾಲೆಳೆದ ಹಾಗಲ್ಲ, ನೇರ ಅವಮಾನ. ಟೊರೊಂಟೊ ಕಡೆ ಇರೋ ನಮ್ಮವರು ಇಂಗ್ಲಿಷ್ ಕಾಮಿಡಿ ನೋಡಿ ಕಲಿತ ಈ ಪದಾನ ಫ್ರೆಂಚ್ ಮಾತಾಡೋ ಕ್ವಿಬೆಕ್ ಪ್ರಾಂತ್ಯದ ಸಹೋದ್ಯೋಗಿ ಮೇಲೆ ಟ್ರೈ ಮಾಡದೇ ಇರೋದು ವಾಸಿ.